ಫಾರಿನ್ನಿಗೆ ಹೋದ ನಮ್ಮ ಗೋಡೆ

ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಕುರ್ಪಿ ನೇತಾಡುತ್ತಿರುತ್ತದೆ. ಕಳೆ ಕೀಳುವ ಸಾದಾ ಕುರ್ಪಿ. ಹಿಡಿಕೆ ಸವೆದಿದೆ. ಅಲಗಿನ ಮೇಲೆ ಸುಣ್ಣವೂ ಮಣ್ಣೂ ಸೇರಿ ಗಟ್ಟಿಯಾದ ಪದರವೊಂದು ಹಾಗೇ ಅಂಟಿಕೊಂಡಿದೆ. ಬಂದವರು ನೋಡಿ, "ಮಾಸ್ತರ್ರ, ಇದನ್ನೊಂದೀಟು ತೊಳದಿಟ್ರ ಏನಾಕ್ಕೈತ್ರಿ?" ಎಂದು ಕೇಳುತ್ತಾರೆ. ತೊಳೆಯಕೂಡದೆಂದು ಆಜ್ಞೆ ಹೊರಡಿಸಿದವನು ನಾನೇ. ಮದುವೆಯಾದ ಮೇಲೆ ಈ ಮನೆಯಲ್ಲಿ ಜಾರಿಗೆ ಬಂದ ನನ್ನ ಆಜ್ಞೆ ಇದೊಂದೇ ಆದ್ದರಿಂದ, ನೀವೂ ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಕುರ್ಪಿಯ ಕತೆಗೆ ಮೊದಲು ಸುಣ್ಣದ ಕತೆ ಹೇಳಬೇಕು. ನಮ್ಮ ಕಡೆ ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲು ನೆನಪಾಗುವುದು ಸುಣ್ಣ, ಆಮೇಲೆ ಅಡುಗೆ. ಹೆಣ್ಣು ನೋಡಲು ಬರುತ್ತಾರೆ, ಸುಣ್ಣ. ಸ್ವಾಮಿಗಳು ಪಾದ ಇಡುತ್ತಾರೆ, ಸುಣ್ಣ. ನಾನು ಚಿಕ್ಕವನಿದ್ದಾಗ ಅಸುಂಡಿಯ ನಮ್ಮ ಮನೆಯಲ್ಲಿ ದಸರೆಗೆ ಮುಂಚೆ ಲಕ್ಷ್ಮೇಶ್ವರದ ಸಂತೆಯಿಂದ ಸುಣ್ಣದ ಕಲ್ಲು ಬರುತ್ತಿತ್ತು. ಅದನ್ನು ಮಣ್ಣಿನ ಹರವಿಗೆ ಹಾಕಿ ನೀರು ಸುರಿದರೆ, ಕೆಳಗೆ ಬೆಂಕಿ ಇಲ್ಲದೆಯೇ ಕೊತಕೊತ ಕುದಿಯುತ್ತಿತ್ತು. ಬಗ್ಗಿ ನೋಡಿದರೆ ಕಣ್ಣು ಹೋಗುತ್ತವೆ ಎಂದು ಅವ್ವ ಹೆದರಿಸುತ್ತಿದ್ದಳು. ಹಾಗಾಗಿ ನಾನು ಒಂದೇ ಕಣ್ಣಿನಿಂದ ನೋಡುತ್ತಿದ್ದೆ. ಇನ್ನೊಂದಾದರೂ ಉಳಿಯಲಿ ಎಂಬ ಮುಂದಾಲೋಚನೆ. ಆ ದಿನ ಮನೆಯ ಸಾಮಾನೆಲ್ಲ ಬೀದಿಗೆ ಬರುತ್ತಿತ್ತು. ಟ್ರಂಕು, ಹಾಸಿಗೆ, ಬೀಸುವ ಕಲ್ಲು, ಅಜ್ಜನ ಬೆತ್ತ. ಟ್ರಂಕಿನ ಹಿಂದೆ ನಾನು ಬಚ್ಚಿಟ್ಟಿದ್ದ ಗಣಿತದ ಉತ್ತರಪತ್ರಿಕೆಯೂ ಒಂದು ವರ್ಷ ಬೀದಿಗೆ ಬಂತು, ಓಣಿಯವರೆಲ್ಲ ಓದಿದರು.

ಶಾಲೆಗೂ ಇದೇ ಕಾಯಿದೆ. ಒಮ್ಮೆ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಖಬರು ಬಂತು. ನಮ್ಮ ಹೆಡ್ ಮಾಸ್ತರರು ಹುರುಪಿನಲ್ಲಿ ಇಡೀ ಶಾಲೆಗೆ ಸುಣ್ಣ ಹೊಡೆಸಿದರು. ಒಳಗಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಭಾರತದ ದೊಡ್ಡ ನಕಾಶೆಯೂ, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ, ಆ ಸುಣ್ಣದಲ್ಲಿ ಮುಳುಗಿ ಹೋಯಿತು. ಸಾಹೇಬರು ಬಂದವರೇ ನನ್ನನ್ನು ಎಬ್ಬಿಸಿ, "ಗಂಗಾನದಿ ಎಲ್ಲಿ ಹರೀತದ, ತೋರಿಸು" ಎಂದರು. ಹೆಡ್ ಮಾಸ್ತರರ ಮುಖ ಗೋಡೆಗಿಂತ ಬೆಳ್ಳಗಾಯಿತು. ನಾನು ಹೋಗಿ, ನಕಾಶೆ ಇದ್ದ ಜಾಗವನ್ನು ನೆನಪು ಮಾಡಿಕೊಂಡು, ಬರೀ ಗೋಡೆಯ ಮೇಲೆ ಬೆರಳಿಟ್ಟು ಎಳೆದೆ. ಸುಣ್ಣ ಇನ್ನೂ ಹಸಿ ಇತ್ತು. ಬೆರಳು ಎಳೆದಲ್ಲೆಲ್ಲ ಸುಣ್ಣ ಸರಿದು, ಹಿಂದಿನ ನೀಲಿ ಬಣ್ಣ ಕಂಡು, ಗಂಗೆ ಖರೆನೇ ಹರಿದುಬಿಟ್ಟಳು. ಸಾಹೇಬರು ಬೆನ್ನು ಚಪ್ಪರಿಸಿದರು. ನಾನು ಮುಂದೆ ಭೂಗೋಳದ ಮಾಸ್ತರನಾಗಲು ಈ ಒಂದು ಅಪಘಾತವೇ ಕಾರಣ.

ಈಗ ನಾನು ನಿವೃತ್ತನಾಗಿ ಮುಳಗುಂದದಲ್ಲಿ, ಓಣಿಯ ಕೊನೆಯ ಮನೆಯಲ್ಲಿ ಇದ್ದೇನೆ. ನನ್ನ ಹೆಂಡತಿ ಶಾಂತವ್ವ ಅಡರಕಟ್ಟಿಯ ಹೆಣ್ಣುಮಗಳು. ಸುಣ್ಣ, ಸಾರಣೆ, ಕೆಮ್ಮಣ್ಣಿನ ಪಟ್ಟಿ, ಇವುಗಳಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮನೆಯ ಬದಿಯ ಗೋಡೆಯೊಂದು ಬಹಳ ದಿನಗಳಿಂದ ಅವಳ ಕೈ ತಪ್ಪಿಸಿಕೊಂಡಿತ್ತು. ಅದು ಖಾಲಿ ಜಾಗದ ಕಡೆಗಿರುವ ದೊಡ್ಡ ಮಣ್ಣಿನ ಗೋಡೆ. ಸೂರಿನಿಂದ ಬುಡದವರೆಗೆ ಅಂಕುಡೊಂಕಾದ ಒಂದು ಬಿರುಕು. ನಡುವೆ ದೀಪ ಇಡುವ ಎರಡು ಮಾಡ. ಗೂಟ ಕಿತ್ತ ತೂತು. ಗಿಲಾವು ಉದುರಿದ ಒಂದು ಜಾಗವಂತೂ ಥೇಟ್ ಶಿರಹಟ್ಟಿ ತಾಲೂಕಿನ ನಕಾಶೆಯ ಹಾಗಿದೆ ಎಂದು ನಾನು ಎಲ್ಲರಿಗೂ ತೋರಿಸುತ್ತಿದ್ದೆ. "ಗ್ವಾಡಿ ರಿಪೇರಿ ಮಾಡಸ್ರಿ ಅಂದ್ರ ಅದರಾಗ ತಾಲೂಕ ಹುಡಕ್ತಾರ" ಎಂದು ಶಾಂತವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಹೋದ ವರ್ಷ ಚಳಿಗಾಲದಲ್ಲಿ ನನ್ನ ತಂಗಿಯ ಮಗಳು ಸುಧಾ ಶಿರಹಟ್ಟಿಯಿಂದ ಬಂದಳು. ಗದಗಿನಲ್ಲಿ ಚಿತ್ರಕಲೆ ಓದಿದ ಹುಡುಗಿ. ಹೆಗಲಿಗೆ ಲ್ಯಾಪ್‌ಟಾಪು, ಕೈಯಲ್ಲಿ ಅಳತೆಯ ಟೇಪು. ಬಂದವಳು ಒಳಗೆ ಬಂದು ನೀರು ಕುಡಿಯುವ ಬದಲು ಆ ಗೋಡೆಯ ಮುಂದೆ ನಿಂತುಬಿಟ್ಟಳು.

"ಮಾಮಾ, ಈ ಗ್ವಾಡಿ ನನಗ ಬೇಕು."

"ಒಯ್ಯವಾ" ಎಂದೆ ನಾನು. "ಅಡ್ಡಗ್ವಾಡಿ ಒಂದೀಟು ಬಿಟ್ಟು ಒಯ್ಯಿ. ಇಲ್ಲಂದ್ರ ಸೂರು ಬೀಳತೈತಿ."

ಅವಳು ನಗಲಿಲ್ಲ. ವಿಷಯ ಇಷ್ಟು: ಯುರೋಪಿನಲ್ಲಿ ಎಲ್ಲೋ ಒಂದು ಊರು, ಅದರ ಹೆಸರು ಹೇಳಲು ನನ್ನ ಕಟ್ಟಿಸಿದ ಹಲ್ಲುಗಳು ಸಹಕರಿಸುವುದಿಲ್ಲ, ಅಲ್ಲಿ ಅಂತರರಾಷ್ಟ್ರೀಯ ಪ್ರೊಜೆಕ್ಷನ್ ಮ್ಯಾಪಿಂಗ್ ಸ್ಪರ್ಧೆ. ಕಟ್ಟಡದ ಮೇಲೆ ಬೆಳಕಿನಿಂದ ಚಿತ್ರ ಬಿಡುವುದು. ಬರೇ ಪರದೆಯ ಮೇಲೆ ಸಿನಿಮಾ ಬಿಟ್ಟಂತಲ್ಲ. ಆ ಗೋಡೆಯ ಒಂದೊಂದು ಕಿಟಕಿ, ಉಬ್ಬು, ತಗ್ಗು ಎಲ್ಲವನ್ನೂ ಅಳೆದು, ಅದಕ್ಕೇ ಕೂಡುವ ಹಾಗೆ ಚಿತ್ರ ಮಾಡಬೇಕು. ಯಾರು ಬೇಕಾದರೂ ತಮ್ಮೂರಿನ ಗೋಡೆಯ ಮೇಲೆ ಮಾಡಿ ವಿಡಿಯೋ ಕಳಿಸಬಹುದು. ಆರಿಸಿದವನ್ನು ಅಲ್ಲಿಯ ಅರಮನೆಯಂಥ ಕಟ್ಟಡದ ಮೇಲೆ ತೋರಿಸುತ್ತಾರೆ. ಈ ಸಲದ ವಿಷಯ, 'ಬಾಳಿನ ಅರ್ಥ'.

ನಾನು ಇದನ್ನೆಲ್ಲ ಅರ್ಥ ಮಾಡಿಕೊಳ್ಳುವ ಮೊದಲೇ ಪಕ್ಕದ ಮನೆಯ ಟೇಲರ್ ರಾಜೇಸಾಬ ಅರ್ಥ ಮಾಡಿಕೊಂಡ. ಅವನು ಸಂಜೆಯ ಚಹಾಕ್ಕೆ ದಿನಾ ನಮ್ಮ ಕಟ್ಟೆಗೆ ಬರುವವನು. "ಅಂದ್ರ ಗ್ವಾಡಿ ಅಳತಿ ತಗೊಂಡು ಬೆಳಕಿನ ಅಂಗಿ ಹೊಲೀತಾಳ್ರಿ. ಅಷ್ಟ!" ಎಂದ. ಸುಧಾ ಅವನಿಗೆ ಕೈ ಮುಗಿದಳು.

ಆಮೇಲೆ ಅವಳು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. "ಮಾಮಾ, ಇದೊಂದು ಆಗ್ಲಿಲ್ಲಂದ್ರ ಅಪ್ಪ ಬಿ.ಎಡ್.ಗೆ ಹಚ್ಚತಾರ. ಚಿತ್ರ ತಗದು ಸಾಕು, ಮಾಸ್ತರಕಿ ಮಾಡು ಅಂತಾರ. ಇದ ಕಡೀದು ಅಂತ ಮಾತು ಕೊಟ್ಟು ಬಂದೀನಿ."

ನಾನೂ ಬಿ.ಎಡ್. ಮಾಡಿದವನೇ. ಅದು ಅಷ್ಟು ಭಯಂಕರವಾದ ರೋಗವೆಂದು ನನಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ. ಆದರೆ ಹುಡುಗಿಯ ಕಣ್ಣು ತುಂಬಿದ್ದವು. ಶಿರಹಟ್ಟಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅವಳಪ್ಪ ಕೆಟ್ಟವನಲ್ಲ, ಆದರೆ ಒಮ್ಮೆ ಹರಿದು ಕೊಟ್ಟ ಬಟ್ಟೆಯಂತೆ, ಆಡಿದ ಮಾತನ್ನೂ ಅವನು ವಾಪಸು ತೆಗೆದುಕೊಳ್ಳುವುದಿಲ್ಲ.

ಸುಧಾ ಕೆಲಸಕ್ಕಿಳಿದಳು. ವಾರಗಟ್ಟಲೆ ಫೋಟೋ ತೆಗೆದಳು, ಅಳೆದಳು, ಲ್ಯಾಪ್‌ಟಾಪಿನ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡಳು. ಬಿರುಕು ಅವಳಿಗೆ ನದಿಯಾಯಿತು. ಗೂಟದ ತೂತು ಚಂದ್ರನಾಯಿತು. ಮಾಡಗಳಲ್ಲಿ ದೀಪ ಹತ್ತಿ ಮನೆಗಳಾದವು. ನನ್ನ ಶಿರಹಟ್ಟಿ ತಾಲೂಕು ಒಂದು ಹೊಲವಾಗಿ ಹಸಿರಾಯಿತು. ನಾನು ಅವಳ ಹಿಂದೆ ನಿಂತು ಬಾಳಿನ ಅರ್ಥದ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಉಪನಿಷತ್ತಿನಿಂದ ಶುರುಮಾಡಿ ಶರಣರನ್ನು ಹಾಯ್ದು ನನ್ನ ಪೆನ್ಶನ್ನಿನ ತನಕ ಬಂದೆ. ಅವಳು ಗಮನವಿಟ್ಟು ಕೇಳುತ್ತಿದ್ದಾಳೆಂದುಕೊಂಡಿದ್ದೆ. ಕೊನೆಗೆ, "ಮಾಮಾ, ಒಂದೀಟು ಸರೀರಿ. ನಿಮ್ಮ ನೆಳ್ಳ ಬೀಳಾಕತ್ತೈತಿ" ಎಂದಳು.

ಶಾಂತವ್ವನನ್ನೂ ಕೇಳಿದಳು. "ಅತ್ತಿ, ಬಾಳಿನ ಅರ್ಥ ಏನಂತಿ?"

"ರೊಟ್ಟಿ ಬಡ್ಯಾಕತ್ತೀನಿ, ಆಮ್ಯಾಲ ಹೇಳ್ತೀನಿ ತಡಿ" ಎಂದಳು ಶಾಂತವ್ವ. ಆ ಆಮ್ಯಾಲ ಅವತ್ತು ಬರಲೇ ಇಲ್ಲ.

ಇನ್ನು ನನ್ನ ಬಾಯಿಯ ವಿಷಯ. ಅದು ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರಕ್ಕೆ ತಲೆ ಬಗ್ಗಿಸಿ ಕೂತಲ್ಲಿ, ಎಲ್ಲ ಕಡೆ ನಾನು ಹೇಳಿದ್ದೇ ಹೇಳಿದ್ದು: "ನಮ್ಮನಿ ಗ್ವಾಡಿ ಫಾರಿನ್ ಮಂದಿ ನೋಡ್ತಾರ್ರಿ!" ಊರಿನವರು ದಾರಿಯಲ್ಲಿ ನಿಲ್ಲಿಸಿ ಕೇಳತೊಡಗಿದರು. "ಮಾಸ್ತರ್ರ, ಬಾಳಿನ ಅರ್ಥ ಯಾವತ್ತ ಐತ್ರಿ? ಎಷ್ಟಕ್ಕ ಚಾಲೂ ಆಕ್ಕೈತಿ? ಹುಡುಗರನ್ನ ಕರಕೊಂಡ ಬರಬಹುದೇನ್ರಿ?" ಕರೆಂಟು ಇದ್ದರೆ ಶುಕ್ರವಾರ ಎಂದು ನಾನು ಹೇಳುತ್ತಿದ್ದೆ.

ಶುಕ್ರವಾರವೇ ಏಕೆಂದರೆ ದೊಡ್ಡ ಪ್ರೊಜೆಕ್ಟರು ಸಿಗುವುದು ಅವತ್ತೊಂದೇ ಸಂಜೆ. ಬೆಟಗೇರಿಯಲ್ಲಿ ಮದುವೆಗಳಿಗೆ ಅದನ್ನು ಬಾಡಿಗೆ ಕೊಡುವವನು ಕಡ್ಡಿ ಮುರಿದಂತೆ ಹೇಳಿದ್ದ: ಶನಿವಾರ ಬೆಳಗ್ಗೆ ಅದು ಮುಂಡರಗಿಯ ಮದುವೆಗೆ ಹೊರಡಬೇಕು. ವಿಡಿಯೋ ಕಳಿಸಲು ಕಡೆಯ ದಿನವೂ ಶನಿವಾರವೇ. ಶುಕ್ರವಾರ ಬೆಳಗ್ಗೆ ನಾನೂ ಸುಧಾನೂ ಬೆಟಗೇರಿಗೆ ಹೊರಟೆವು. ಬರುವಾಗ ಬಸ್ಸಿನಲ್ಲಿ ಆ ಯಂತ್ರವನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಪ್ರತಿ ತಗ್ಗಿಗೂ ಡ್ರೈವರನಿಗೆ ಕೂಗುತ್ತಿದ್ದೆ. "ಏನ್ರಿ ಅದರಾಗ?" ಎಂದು ಕಂಡಕ್ಟರು ಕೇಳಿದ. "ಬಾಳಿನ ಅರ್ಥ" ಎಂದೆ. ಅವನು ಅದಕ್ಕೆ ಲಗೇಜು ಟಿಕೀಟು ಹರಿದ.

ಓಣಿ ತಿರುಗಿದಾಗ ನನಗೆ ಮೊದಲು ಅನಿಸಿದ್ದು, ದಾರಿ ತಪ್ಪಿದೆವು ಎಂದು. ನಮ್ಮ ಗೋಡೆ ಇರಬೇಕಾದ ಜಾಗದಲ್ಲಿ ಬೇರೆ ಯಾರದೋ ಗೋಡೆ ನಿಂತಿತ್ತು. ಹಾಲಿನಂಥ ಬಿಳುಪು, ಸ್ವಲ್ಪ ನೀಲಿಯ ಮಿಂಚು. ಬುಡಕ್ಕೆ ಗೇಣಗಲದ ಕೆಮ್ಮಣ್ಣಿನ ಪಟ್ಟಿ, ದಾರ ಹಿಡಿದು ಎಳೆದ ಹಾಗೆ. ಬಿರುಕಿಲ್ಲ. ತೂತಿಲ್ಲ. ಮಾಡಗಳಿಗೂ ಮಣ್ಣು ಮೆತ್ತಿ ಸಪಾಟು ಮಾಡಿತ್ತು. ಶಿರಹಟ್ಟಿ ತಾಲೂಕು ಭೂಪಟದಿಂದಲೇ ಅಳಿಸಿ ಹೋಗಿತ್ತು. ನಿಚ್ಚಣಿಕೆಯ ಕೆಳಗೆ, ಹರಕು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಸುಣ್ಣವಾಗಿ ಶಾಂತವ್ವ ನಿಂತಿದ್ದಳು. ಮದುವೆಯ ದಿನವೂ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

"ಹೆಂಗೈತಿ?" ಎಂದಳು.

ಸುಧಾ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದಳು. ಕೈಯಲ್ಲಿದ್ದ ವೈರಿನ ಚೀಲ ಜಾರಿ ಬಿತ್ತು. "ಅತ್ತಿ, ನನ್ನ ನದಿ ಎಲ್ಲಿ?" ಎಂದಳು, ಸಣ್ಣ ಹುಡುಗಿಯ ದನಿಯಲ್ಲಿ.

"ಯಾವ ನದೀನ?"

"ಬಿರುಕು ಅತ್ತಿ, ಬಿರುಕು! ಅದರ ಮ್ಯಾಲೇ ಎಲ್ಲಾ ಮಾಡೀನಿ. ಈಗ ಯಾವುದು ಎಲ್ಲಿ ಕೂಡತೈತಿ?"

ಶಾಂತವ್ವನ ಮುಖ ಇಳಿಯಿತು. ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದಳು. "ನಿನ್ನ ಮಾಮಾ ಊರೆಲ್ಲಾ ಡಂಗೂರ ಹೊಡದಾರ, ಫಾರಿನ್ ಮಂದಿ ನೋಡ್ತಾರಂತ. ಹರಕ ಗ್ವಾಡಿ ತೋರಿಸಿ ನನ್ನ ಮಾನ ಕಳೀಬೇಕಿತ್ತೇನ? ಮಂದಿ ಏನಂತಾರ, ಈ ಮನ್ಯಾಗ ಹೆಣಮಕ್ಕಳ ಇಲ್ಲೇನ ಅನ್ನೂದಿಲ್ಲೇನ? ನೀವು ಬಸ್ ಹತ್ತಿದ ಕೂಡ್ಲೇ ಸುರು ಹಚ್ಚೇನಿ ಸುಧಾ. ನಿನ್ನ ಸಲುವಾಗೇ ಮಾಡೇನಿ."

ಅವಳದೂ ಖರೆ, ಇವಳದೂ ಖರೆ. ತಪ್ಪು ಯಾರದೆಂದು ಹುಡುಕಿದರೆ ಅದು ಸೀದಾ ನನ್ನ ಬಾಯಿಗೇ ಬಂದು ನಿಲ್ಲುತ್ತಿತ್ತಾದ್ದರಿಂದ, ನಾನು ಹುಡುಕಲು ಹೋಗಲಿಲ್ಲ. ನಿಚ್ಚಣಿಕೆಯ ಇನ್ನೊಂದು ಬದಿ ಹಿಡಿದು ರಾಜೇಸಾಬ ನಿಂತಿದ್ದ. ಅವನ ಗಡ್ಡಕ್ಕೂ ಸುಣ್ಣ. ಅವನ ಮೇಲೆ ಹರಿಹಾಯ್ದೆ.

"ಅಳತಿ, ಅಂಗಿ ಅಂತ ಎಲ್ಲಾ ಗೊತ್ತಿದ್ದಂವ ನೀನ. ನೀನರ ಹೇಳಬಾರದೇನೋ?"

"ಹೇಳಿದ್ನಿರಿ! ಅಳತಿ ತಗೊಂಡ ಮ್ಯಾಲ ಗಿರಾಕಿ ದಪ್ಪ ಆಗಬಾರದು ಅಂತ ಹೇಳಿದ್ನಿ. ಅಕ್ಕಾರ ನಿಚ್ಚಣಕಿ ಹಿಡಿ ಅಂದ್ರು. ಅವರ ಮುಂದ ಇಲ್ಲ ಅನ್ನಾಕ ನಿಮಗ ಆಗೇತೇನ್ರಿ ಒಂದಿನರ?"

ನಾನು ಬಗ್ಗಿ, ಬಿದ್ದಿದ್ದ ವೈರಿನ ಚೀಲ ಎತ್ತಿಕೊಂಡೆ.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಸುಧಾ ಮೂಲೆಗೆ ಕೂತು ಮೊಬೈಲಿನಲ್ಲಿ ಹಳೆಯ ಗೋಡೆಯ ಫೋಟೋ ನೋಡುತ್ತಿದ್ದಳು, ತೀರಿಹೋದವರ ಫೋಟೋ ನೋಡುವವರ ಹಾಗೆ. "ಆತು ಬಿಡ್ರಿ ಮಾಮಾ. ಬಿ.ಎಡ್. ಅರ್ಜಿ ಯಾವಾಗ ಕರೀತಾರ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ, ಎದ್ದು ಹಿತ್ತಲಿಗೆ ಹೋದೆ.

ಸಂಜೆಯಾಯಿತು. ಊರಿನವರಿಗೆ ಇದೊಂದೂ ಗೊತ್ತಿಲ್ಲವಲ್ಲ, ಮಂದಿ ಬರತೊಡಗಿದರು. ಚಾಪೆ ತಂದರು, ಹುರಿದ ಶೇಂಗಾ ತಂದರು. ಮುಂದೆ ಜಾಗ ಹಿಡಿಯಲು ಟವೆಲ್ ಹಾಸಿದರು. "ಗ್ವಾಡಿ ಏನ್ ಮಸ್ತ್ ಆಗೇತ್ರಿ ಅಕ್ಕಾರ!" ಎಂದು ಒಬ್ಬಾಕೆ ಹೊಗಳಿದಳು. ಶಾಂತವ್ವ ಮುಖ ತಿರುಗಿಸಿದಳು. ಬಂದ ಮಂದಿಗೆ ಇಲ್ಲವೆನ್ನುವುದು ಹೇಗೆ? "ಹಚ್ಚವಾ, ಹೆಂಗ ಬರತೈತಿ ಹಂಗ ಬರ್ಲಿ" ಎಂದೆ. ಸುಧಾ ಒಲ್ಲದ ಮನಸ್ಸಿನಿಂದ ಪ್ರೊಜೆಕ್ಟರು ಹೂಡಿದಳು. ಕ್ಯಾಮರಾ ಮೂರುಕಾಲಿನ ಮೇಲೆ ಮೊದಲೇ ನಿಂತಿತ್ತು. ಬೆಳಕಿನ ಅಂದಾಜು ನೋಡಲೆಂದು ಅದನ್ನೂ ಚಾಲೂ ಮಾಡಿದಳು. ಓಣಿಯ ದೀಪ ಆರಿಸಿದೆವು.

ಬೆಳ್ಳನೆಯ ಗೋಡೆಯ ಮೇಲೆ, ಸೂರಿನ ಹತ್ತಿರ, ಒಂದು ನೀಲಿ ಹನಿ ಹುಟ್ಟಿತು. ಹನಿ ಉದ್ದವಾಗಿ ಕೆಳಗಿಳಿಯಿತು. ಆದರೆ ಹರಿಯಲು ದಡವಿಲ್ಲ. ನೆಲದ ಮೇಲೆ ಚೆಲ್ಲಿದ ಶಾಯಿಯ ಹಾಗೆ ಸುಮ್ಮನೆ ಹರಡಿಕೊಂಡು ನಿಂತಿತು. ಸುಧಾ ತಲೆ ತಗ್ಗಿಸಿದಳು.

ಆಗ ಶಾಂತವ್ವ ಕೂತಲ್ಲಿಂದ ಎದ್ದಳು. "ಅಯ್ಯ, ಇಲ್ಲೇ ಇತ್ತು!" ಎಂದಳು.

"ಏನತ್ತಿ?"

"ಬಿರುಕು ಇಲ್ಲೇ ಇತ್ತು. ನಿನ್ನ ಬೆಳಕ ಅದರ ಮ್ಯಾಲೇ ನಿಂತೈತಿ ನೋಡ!"

ಹಿತ್ತಲಿಗೆ ಓಡಿ ಕುರ್ಪಿ ತಂದಳು. ನೇರ ಬೆಳಕಿನೊಳಗೆ ನಡೆದಳು. "ಅತ್ತಿ, ಬ್ಯಾಡ! ಬೆಳಕಿನ್ಯಾಗ ಬರಬ್ಯಾಡ!" ಎಂದು ಸುಧಾ ಚೀರಿದಳು. ಶಾಂತವ್ವ ಕೇಳುವವಳೇ? ನಿಚ್ಚಣಿಕೆ ಹತ್ತಿದಳು, ನೀಲಿ ಗೆರೆಯ ತಲೆಗೆ ಕುರ್ಪಿ ಇಟ್ಟು ಮಣ್ಣು ಕಿತ್ತಳು. ಚಳಿಗಾಲದ ಹಸಿ ಸಾರಣೆ, ಹೆಂಟೆಹೆಂಟೆಯಾಗಿ ಬಿತ್ತು. ಒಳಗಿಂದ ಹಳೆಯ ಬಿರುಕು ಕಪ್ಪಗೆ ಬಾಯಿ ತೆರೆಯಿತು, ಬೆಳಕು ಅದರೊಳಗೆ ಇಳಿಯಿತು. ಅವಳು ಒಂದೊಂದೇ ಮೆಟ್ಟಿಲು ಇಳಿಯುತ್ತ ಕೀಳುತ್ತ ಬಂದಳು. ನೀರು ಅವಳ ಹಿಂದೆಯೇ ಬಂತು. ನದಿ ಅವಳ ಬೆನ್ನ ಮೇಲೆ ಹರಿಯಿತು, ತುರುಬಿನ ಮೇಲೆ ಹರಿಯಿತು. ಹರಕು ಸೀರೆಯ ತೂತುಗಳ ಅಂಚಿನಲ್ಲೆಲ್ಲ ಮಿಣಮಿಣ ಬೆಳಕು. ಮಾಡ ಇದ್ದಲ್ಲಿ ಬೆಳಕಿನ ಚೌಕ ಹತ್ತಿದಾಗ, "ಇದೂ ಇಲ್ಲೇ ಇತ್ತು" ಎಂದು ಗೊಣಗಿ ಅದನ್ನೂ ಕೈಯಿಂದಲೇ ತೋಡಿದಳು. ಬೆಳಗಿನಿಂದ ಇಷ್ಟು ಚೆಂದ ಮಾಡಿದ್ದನ್ನು ತಾನೇ ಕೆಡವುತ್ತಿದ್ದಳು, ಮಾಡುವಾಗ ಇದ್ದ ಹುರುಪಿನಲ್ಲೇ. ನನಗೆ ಅಸುಂಡಿಯ ಶಾಲೆ ನೆನಪಾಯಿತು. ಇಷ್ಟು ವರ್ಷ ಅವಳ ಜೊತೆ ಸಂಸಾರ ಮಾಡಿದ್ದೇನೆ, ಅಷ್ಟು ಪ್ರೀತಿ ಅವಳ ಮೇಲೆ ಉಕ್ಕಿದ್ದು ಅವತ್ತೇ. ಶೇಂಗಾ ತಿನ್ನುವ ಸಪ್ಪಳವೂ ನಿಂತಿತ್ತು.

ಕೊನೆಗೆ ಅವಳು ಶಿರಹಟ್ಟಿಗೆ ಕುರ್ಪಿ ಹಾಕಿದಳು. "ನಿಮ್ಮ ತಾಲೂಕ ಇಷ್ಟ ಇತ್ತಲ್ರಿ?" ಎಂದು ತಿರುಗಿ ನನ್ನನ್ನು ಕೇಳಿದಳು. "ಬಡಗಣಕ್ಕ ಇನ್ನೊಂದೀಟು" ಎಂದೆ. ಮಂದಿ ಗೊಳ್ಳನೆ ನಕ್ಕರು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಯಾರೋ, "ಬಾಳಿನ ಅರ್ಥ ಬಂದ್ ಆತಲೇ, ಏಳ್ರಿ ಮನೀಗೆ!" ಎಂದು ಕೂಗಿದರು.

ಕರೆಂಟು ಬಂದ ಮೇಲೆ ಸುಧಾ ತೋಡಿದ ಗೋಡೆಯ ಮೇಲೆ ತನ್ನ ಚಿತ್ರವನ್ನು ಮೊದಲಿನಿಂದ ಸರಿಯಾಗಿ ಓಡಿಸಿ, ಅದನ್ನೂ ಕ್ಯಾಮರಾದಲ್ಲಿ ಹಿಡಿದಳು. ಕೂಡಿತು, ಆದರೆ ಅಷ್ಟಕ್ಕಷ್ಟೇ. ಬೆಳಗ್ಗೆ ಎರಡೂ ವಿಡಿಯೋ ನೋಡಿದಳು. ಆಮೇಲೆ ಒಲೆಯ ಮುಂದೆ ಹೋಗಿ ನಿಂತಳು.

"ಅತ್ತಿ, ನೀನಿರೂದನ್ನ ಕಳಸ್ಲೇನ?"

ಶಾಂತವ್ವ ಕೈಯಲ್ಲಿದ್ದ ಹಿಟ್ಟು ಬಿಟ್ಟು ಬೆಚ್ಚಿಬಿದ್ದಳು. "ಯವ್ವಾ! ಸುಣ್ಣದ ಹರಕ ಸೀರಿ ಉಟಗೊಂಡಿದ್ದೆ! ಮೊದಲ ಹೇಳಿದ್ರ ರೇಶಿಮಿ ಸೀರಿ ಉಡತಿದ್ದೆ."

"ಅದಕ್ಕ ಹೇಳಲಿಲ್ಲ" ಎಂದಳು ಸುಧಾ. ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಬಹುಮಾನ ಬರಲಿಲ್ಲ, ಅದನ್ನು ಬೇರೆ ಯಾವುದೋ ದೇಶದವರು ಒಯ್ದರು. ಆದರೆ ಆ ದೊಡ್ಡ ಕಟ್ಟಡದ ಮೇಲೆ ತೋರಿಸಲು ಆರಿಸಿದವುಗಳಲ್ಲಿ ನಮ್ಮ ಗೋಡೆಯೂ ಇತ್ತು. ಸುದ್ದಿ ಕೇಳಿದ ಮೇಲೆ ಅವಳಪ್ಪ ಅಂಗಡಿಗೆ ಬಂದ ಗಿರಾಕಿಗಳಿಗೆ ಸೀರೆ ತೋರಿಸುವ ಮೊದಲು ಮೊಬೈಲು ತೋರಿಸುತ್ತಾನೆ ಎಂದು ತಂಗಿ ಫೋನು ಮಾಡಿ ನಕ್ಕಳು. ಬಿ.ಎಡ್.ನ ಮಾತು ಮತ್ತೆ ಬಂದಿಲ್ಲ. ಒಬ್ಬ ಹಳೆಯ ಬಿ.ಎಡ್. ಪದವೀಧರನಾಗಿ ನನಗೆ ಇದರಿಂದ ಆದ ಸಂತೋಷವನ್ನು ಯಾರ ಮುಂದೆ ಹೇಳಿಕೊಳ್ಳಲಿ.

ಅಲ್ಲಿಯವರು ಪ್ರದರ್ಶನದ ವಿಡಿಯೋ ಕಳಿಸಿದ ದಿನ ನಮ್ಮ ಪಡಸಾಲೆಯಲ್ಲಿ ನಾವೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತೆವು. ರಾಜೇಸಾಬ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ಕಲ್ಲಿನ ಭಾರೀ ಕಟ್ಟಡ, ಕಮಾನುಗಳು, ಕೆಳಗೆ ಉಣ್ಣೆಯ ಕೋಟು ಹಾಕಿದ ಸಾವಿರಾರು ಮಂದಿ. ಅಷ್ಟೆತ್ತರದ ಗೋಡೆಯ ತುಂಬ ನಮ್ಮ ಶಾಂತವ್ವ. ಕುರ್ಪಿ ಹಿಡಿದ ಅವಳ ಕೈ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಚಾಚಿತ್ತು. ಬೆನ್ನ ಮೇಲೆ ನದಿ ಹರಿದಾಗ ಅಲ್ಲಿಯ ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಧಾ ಅತ್ತೆಯ ತೋಳು ಹಿಡಿದು ಅಳುತ್ತಿದ್ದಳು. ನಾನು ಅಳಲಿಲ್ಲ, ಕಣ್ಣಿಗೆ ಕನ್ನಡಕ ಒತ್ತುತ್ತಿತ್ತು ಅಷ್ಟೇ.

"ಅತ್ತಿ, ಅವತ್ತ ಕೇಳಿದ್ದೆ, ಆಮ್ಯಾಲ ಹೇಳ್ತೀನಿ ಅಂದಿದ್ದಿ" ಎಂದಳು ಸುಧಾ. "ಈಗರ ಹೇಳ. ಬಾಳಿನ ಅರ್ಥ ಏನು?"

ಶಾಂತವ್ವ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ, ತನ್ನ ಚಿತ್ರದ ಅಂಚಿನಲ್ಲಿ ಕಾಣುತ್ತಿದ್ದ ಆ ಕಟ್ಟಡದ ಕಲ್ಲನ್ನೇ ನೋಡುತ್ತಿದ್ದಳು. ಶತಮಾನಗಳ ಮಳೆಗೆ, ಹೊಗೆಗೆ ಅದು ಕಪ್ಪಿಟ್ಟಿತ್ತು.

"ಅದಿರ್ಲಿ, ಈ ಗ್ವಾಡಿ ನೋಡ್ರಿಲ್ಲೆ!" ಎಂದಳು. "ಅಷ್ಟು ಮಂದಿ ಬರ್ತಾರಂತ ಗೊತ್ತಿದ್ದು ಒಂದ ಬಕೀಟ ಸುಣ್ಣ ಹಚ್ಚಬಾರದೇನ ಅವರು?"